ಹಳದಿ, ಕೆಂಪು, ಬಿಳಿ, ನೀಲಿ: ಆಸ್ಪತ್ರೆಯ ಕಸವನ್ನು ಮುಟ್ಟುವ ಕೈಗಳು

ಮುನಿರ್ಕಾದ ನಮ್ಮ ಡಿಡಿಎ ಫ್ಲಾಟಿಗೆ ದಿನವೂ ಬೆಳಿಗ್ಗೆ ಕಸ ಒಯ್ಯಲು ಬರುವ ಹುಡುಗ ಒಂದು ದಿನ ಬಾಗಿಲಲ್ಲೇ ನಿಂತು ಬಲಗೈಯ ಬೆರಳನ್ನು ತೋರಿಸಿದ. "ಆಂಟೀಜಿ, ಸೂಯಿ ಚುಭ್ ಗಯೀ" ಎಂದ. ಅವನ ಧ್ವನಿಯಲ್ಲಿ ದೂರು ಇರಲಿಲ್ಲ, ಸಂಕೋಚವಿತ್ತು. ನಮ್ಮ ಮಾವನವರು ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವವರು. ಬಳಸಿದ ಸೂಜಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವುದು ನಮ್ಮ ಮನೆಯಲ್ಲಿ ವರ್ಷಗಳ ರೂಢಿ. ಹುಡುಗನಿಗೆ ಚುಚ್ಚಿದ ಸೂಜಿ ನಮ್ಮ ಮನೆಯದೋ, ಮೇಲಿನ ಮನೆಯದೋ, ಎದುರು ಬ್ಲಾಕಿನದೋ ಹೇಳುವಂತಿರಲಿಲ್ಲ. ಆ ಮಾತೇ ನಮ್ಮನ್ನು ಹೆಚ್ಚು ಕಾಡಿತು.

ಅವನನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿನ ನರ್ಸ್ ಗಾಯವನ್ನು ಸೋಪುನೀರಿನಿಂದ ತೊಳೆಯಿಸಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಆ ಚುಚ್ಚುಮದ್ದಿನ ಸೂಜಿಯನ್ನು ಮೇಜಿನ ಮೇಲಿದ್ದ ಪುಟ್ಟ ಯಂತ್ರದಲ್ಲಿ ಕತ್ತರಿಸಿ, ಬಿಳಿಯ ಗಟ್ಟಿ ಡಬ್ಬಿಯೊಳಕ್ಕೆ ಬೀಳಿಸಿದರು. ಸಿರಿಂಜನ್ನು ಕೆಂಪು ಚೀಲಕ್ಕೆ, ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಿದರು. ಎಲ್ಲವೂ ಹತ್ತು ಸೆಕೆಂಡಿನ ಕೆಲಸ. ಒಂದೇ ಬಗೆಯ ಸೂಜಿ; ಕ್ಲಿನಿಕ್ಕಿನಲ್ಲಿ ಅದಕ್ಕೊಂದು ಕಾನೂನು, ಒಂದು ಡಬ್ಬಿ, ಒಂದು ಬಣ್ಣ; ನಮ್ಮ ಮನೆಯಲ್ಲಿ ಹಳೆಯ ಪತ್ರಿಕೆಯ ಒಂದು ತುಂಡು. ಈ ಲೇಖನ ಹುಟ್ಟಿದ್ದು ಆ ವ್ಯತ್ಯಾಸವನ್ನು ಕಂಡ ಮೇಲೆ.

ಜೈವಿಕ ವೈದ್ಯಕೀಯ ತ್ಯಾಜ್ಯವೆಂದರೇನು?

ರೋಗಪತ್ತೆ, ಚಿಕಿತ್ಸೆ, ಲಸಿಕೆ ಹಾಕುವಿಕೆ ಹಾಗೂ ಇವುಗಳಿಗೆ ಸಂಬಂಧಿಸಿದ ಸಂಶೋಧನೆಯಿಂದ ಹೊರಬೀಳುವ ಕಸವೇ ಜೈವಿಕ ವೈದ್ಯಕೀಯ ತ್ಯಾಜ್ಯ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ, ಸೂಜಿ, ಬ್ಲೇಡು, ಡ್ರಿಪ್ಪಿನ ಕೊಳವೆ, ಮೂತ್ರದ ಚೀಲ, ಅವಧಿ ಮೀರಿದ ಔಷಧ, ಪ್ರಯೋಗಾಲಯದ ರಕ್ತದ ಮಾದರಿ ಇವೆಲ್ಲ ಇದರೊಳಗೆ ಬರುತ್ತವೆ.

ಆಸ್ಪತ್ರೆಯ ಕಸವೆಲ್ಲ ವಿಷವೆಂದು ಭಾವಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯ ಸೇವೆಯಿಂದ ಹೊರಬೀಳುವ ಒಟ್ಟು ಕಸದಲ್ಲಿ ಸುಮಾರು ಶೇಕಡಾ 85ರಷ್ಟು ನಮ್ಮ ಮನೆಯ ಕಸದಂಥದೇ: ಕಾಗದ, ಊಟದ ಉಳಿಕೆ, ಹಣ್ಣಿನ ಸಿಪ್ಪೆ, ರಟ್ಟಿನ ಪೆಟ್ಟಿಗೆ. ಅಪಾಯಕಾರಿಯಾದದ್ದು ಉಳಿದ ಶೇಕಡಾ 15 ಮಾತ್ರ. ಆದರೆ ಈ ಹದಿನೈದು ಆ ಎಂಬತ್ತೈದರೊಡನೆ ಬೆರೆತಿತೆಂದರೆ ನೂರಕ್ಕೆ ನೂರೂ ಅಪಾಯಕಾರಿಯಾಗುತ್ತದೆ. ಹಾಲಿನ ಪಾತ್ರೆಗೆ ಹುಳಿಯ ಒಂದು ಹನಿ ಬಿದ್ದಂತೆ. ಆದುದರಿಂದಲೇ ಈ ವಿಷಯದಲ್ಲಿ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಕಸ ಹುಟ್ಟಿದ ಜಾಗದಲ್ಲೇ, ಹುಟ್ಟಿದ ಗಳಿಗೆಯಲ್ಲೇ ವಿಂಗಡಿಸಬೇಕು. ಒಮ್ಮೆ ಬೆರೆತ ಮೇಲೆ ಬಿಡಿಸುವುದೆಂದರೆ ಯಾರೋ ಒಬ್ಬರು ಅದರೊಳಗೆ ಕೈಹಾಕಬೇಕೆಂದೇ ಅರ್ಥ.

ಕಾನೂನು ಬಂದ ಬಗೆ

ಈ ಕಾನೂನಿನ ಕತೆಗೂ ನಾವಿರುವ ದೆಹಲಿಗೂ ಹತ್ತಿರದ ನಂಟಿದೆ. ರಾಜಧಾನಿಯ ಕಸದ ರಾಶಿಗಳ ಬಗ್ಗೆ ವಕೀಲ ಬಿ. ಎಲ್. ವಢೇರಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಮಾರ್ಚಿನಲ್ಲಿ ತೀರ್ಪಿತ್ತು, 50 ಮತ್ತು ಅದಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಗಳು ದಹನ ಕುಲುಮೆಯನ್ನೋ ಅಷ್ಟೇ ಪರಿಣಾಮಕಾರಿಯಾದ ಬೇರೊಂದು ವ್ಯವಸ್ಥೆಯನ್ನೋ ಮಾಡಿಕೊಳ್ಳಬೇಕೆಂದು ಆದೇಶಿಸಿತು. ಆದರೆ ಪ್ಲಾಸ್ಟಿಕ್ಕನ್ನೂ ಸೇರಿಸಿ ಎಲ್ಲವನ್ನೂ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಗಾಳಿಗೆ ಸೇರುತ್ತವೆ. ನೆಲದ ಕಸವನ್ನು ಆಕಾಶಕ್ಕೆ ಎಸೆದಂತಾಗುತ್ತದೆ ಅಷ್ಟೆ. ಈ ಮಾತನ್ನು ದೆಹಲಿಯ ಪರಿಸರ ಸಂಘಟನೆಗಳು ಆಗಲೇ ಎತ್ತಿದ್ದವು.

1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1998ರ ಜುಲೈ 20ರಂದು ಮೊದಲ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೊರಬಂದವು. ಅದರಲ್ಲಿ ತ್ಯಾಜ್ಯವನ್ನು ಹತ್ತು ವರ್ಗಗಳಾಗಿ ವಿಂಗಡಿಸಲಾಗಿತ್ತು. ಸುಡುವಿಕೆಯ ಜೊತೆಗೆ ಆಟೋಕ್ಲೇವ್, ಮೈಕ್ರೋವೇವ್ ಮುಂತಾದ ವಿಧಾನಗಳಿಗೂ ಸ್ಥಾನ ದೊರೆಯಿತು. ಹದಿನೆಂಟು ವರ್ಷಗಳ ಅನುಭವದ ನಂತರ, 2016ರ ಮಾರ್ಚ್ 28ರಂದು, ಹೊಸ ನಿಯಮಗಳು ಬಂದವು. ಹತ್ತು ವರ್ಗಗಳ ಜಾಗದಲ್ಲಿ ನಾಲ್ಕು ಬಣ್ಣಗಳು ನಿಂತವು. ಚೀಲಗಳಿಗೆ ಬಾರ್‌ಕೋಡ್ ಬಂದಿತು. ಆರೋಗ್ಯ ಸಿಬ್ಬಂದಿಗೆಲ್ಲ ತರಬೇತಿ, ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ವಿರುದ್ಧ ಲಸಿಕೆ, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಇವು ಆಸ್ಪತ್ರೆಯ ಕರ್ತವ್ಯಗಳಾದವು.

ನಮ್ಮ ಸಂಘಸಂಸ್ಥೆಗಳು ಗಮನಿಸಬೇಕಾದ ಅಂಶವೊಂದಿದೆ. 2016ರ ನಿಯಮಗಳು ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಮೀಸಲಲ್ಲ. ಗಲ್ಲಿಯ ಕ್ಲಿನಿಕ್ಕು, ರಕ್ತಪರೀಕ್ಷೆಯ ಲ್ಯಾಬು, ದಂತವೈದ್ಯರ ಕೊಠಡಿ, ಲಸಿಕಾ ಶಿಬಿರ, ರಕ್ತದಾನ ಶಿಬಿರಗಳೂ ಅದರ ವ್ಯಾಪ್ತಿಯೊಳಗೆ ಇವೆ. ರಾಜ್ಯೋತ್ಸವದ ಸಂದರ್ಭದಲ್ಲಿ ರಕ್ತದಾನ ಏರ್ಪಡಿಸುವ ಸಂಘವು ಸನ್ಮಾನದ ಹಾರಶಾಲುಗಳ ಲೆಕ್ಕ ಹಾಕುವಾಗ, ಸೂಜಿ ಮತ್ತು ಹತ್ತಿ ಎಲ್ಲಿಗೆ ಹೋಗುತ್ತದೆಂಬುದನ್ನೂ ರಕ್ತನಿಧಿಯವರಲ್ಲಿ ಕೇಳಿಕೊಳ್ಳುವುದು ಉಚಿತ.

ನಾಲ್ಕು ಬಣ್ಣಗಳ ಅರ್ಥ

ಹಳದಿ ಚೀಲ ಮುಖ್ಯವಾಗಿ ಸುಡುವುದಕ್ಕೆ. ಅಂಗಾಂಶ, ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು, ಪ್ಲಾಸ್ಟರ್, ರಕ್ತದಿಂದ ಮಲಿನವಾದ ಬಟ್ಟೆ, ಅವಧಿ ಮೀರಿದ ಔಷಧ ಇದಕ್ಕೆ ಸೇರುತ್ತವೆ. ದಹನ ಕುಲುಮೆಯ ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ, ಎರಡನೆಯದರಲ್ಲಿ ಸುಮಾರು 1050 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕೆಂಬುದು ನಿಯಮ.

ಕೆಂಪು ಚೀಲ ಮರುಬಳಕೆಯಾಗಬಲ್ಲ ಮಲಿನ ಪ್ಲಾಸ್ಟಿಕ್ಕಿಗೆ. ಡ್ರಿಪ್ಪಿನ ಕೊಳವೆ, ಕ್ಯಾಥೆಟರ್, ಮೂತ್ರದ ಚೀಲ, ಸೂಜಿ ತೆಗೆದ ಸಿರಿಂಜ್, ಕೈಗವಸು ಇತ್ಯಾದಿ ಇಲ್ಲಿಗೆ. ಇವನ್ನು ಸುಡುವುದಿಲ್ಲ. ಆಟೋಕ್ಲೇವಿನ ಬಿಸಿ ಹಬೆಯಲ್ಲಿ ರೋಗಾಣುಗಳನ್ನು ಕೊಂದು, ಚೂರುಚೂರಾಗಿ ಕತ್ತರಿಸಿ, ನಂತರ ಮರುಬಳಕೆಗೆ ಕೊಡುತ್ತಾರೆ. ಕತ್ತರಿಸುವುದು ಏಕೆಂದರೆ, ಅದೇ ಸಿರಿಂಜ್ ತೊಳೆದು ಒರೆಸಿಕೊಂಡು ಮತ್ತೆ ಅಂಗಡಿಗೆ ಬರಬಾರದು.

ಬಿಳಿಯ ಅರೆಪಾರದರ್ಶಕ ಡಬ್ಬಿ ಚುಚ್ಚುವ, ಕೊಯ್ಯುವ ಲೋಹಕ್ಕೆ: ಸೂಜಿ, ಬ್ಲೇಡು, ಶಸ್ತ್ರಚಿಕಿತ್ಸೆಯ ಚಾಕು. ಇದು ಚೀಲವಾಗಿರಕೂಡದು; ಚುಚ್ಚಿದರೆ ತೂತಾಗದ, ಸೋರದ, ತೆರೆದು ಕೈಹಾಕಲಾಗದ ಗಟ್ಟಿ ಡಬ್ಬಿಯೇ ಆಗಬೇಕು.

ನೀಲಿ ಪೆಟ್ಟಿಗೆ ಗಾಜಿಗೆ. ಔಷಧದ ಸೀಸೆ, ಆಂಪ್ಯೂಲ್, ಒಡೆದ ಗಾಜು, ಜೊತೆಗೆ ದೇಹದೊಳಗೆ ಅಳವಡಿಸಿದ್ದ ಲೋಹದ ಸಾಧನಗಳು ಇದರೊಳಗೆ.

ಬಣ್ಣ ತಪ್ಪಿದರೆ ಏನಾಗುತ್ತದೆಂಬುದನ್ನು ಈಗ ಸುಲಭವಾಗಿ ಊಹಿಸಬಹುದು. ಕೆಂಪಿಗೆ ಹೋಗಬೇಕಾದ ಕೊಳವೆ ಹಳದಿಗೆ ಹೋದರೆ ಅದು ಸುಟ್ಟು ಹೊಗೆಯಾಗಿ ನಮ್ಮೆಲ್ಲರ ಶ್ವಾಸಕೋಶಕ್ಕೆ ಬರುತ್ತದೆ. ಹಳದಿಗೆ ಹೋಗಬೇಕಾದ ಹತ್ತಿ ಕೆಂಪಿಗೆ ಹೋದರೆ ಮರುಬಳಕೆಯ ಪ್ಲಾಸ್ಟಿಕ್ ಕೆಡುತ್ತದೆ. ಬಿಳಿಗೆ ಹೋಗಬೇಕಾದ ಸೂಜಿ ಯಾವುದೇ ಚೀಲಕ್ಕೆ ಹೋದರೂ ಅದು ಒಬ್ಬ ಮನುಷ್ಯನ ಅಂಗೈಯನ್ನು ಹುಡುಕಿಕೊಂಡು ಹೋಗುತ್ತದೆ.

ವಾರ್ಡಿನಿಂದ ಹೊರಟ ಚೀಲವನ್ನು ಮುಕ್ಕಾಲು ತುಂಬಿದೊಡನೆ ಕಟ್ಟುವುದು ಉತ್ತಮ ಪದ್ಧತಿ. ಅಂಗಾಂಶ, ರಕ್ತಸಿಕ್ತ ಹತ್ತಿಯಂಥ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಸಂಸ್ಕರಿಸದೆ ಇಡುವಂತಿಲ್ಲ. 75 ಕಿಲೋಮೀಟರ್ ದೂರದೊಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಆಸ್ಪತ್ರೆಯು ತನ್ನ ಆವರಣದಲ್ಲೇ ಬೇರೆ ಘಟಕ ಸ್ಥಾಪಿಸುವಂತಿಲ್ಲ. ಘಟಕದ ವಾಹನವೇ ಬಂದು ಒಯ್ಯುತ್ತದೆ.

ಬಲ್ಲವರು ಯಾರು, ಮಾಡುವವರು ಯಾರು?

ನಿಯಮವೇನೋ ಚೆನ್ನಾಗಿದೆ. ಅದನ್ನು ಪಾಲಿಸುವ ಕೈಗಳು ಯಾರವು? ದೇಶದ ನಾನಾ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯ ವಿಭಾಗಗಳು ಆಸ್ಪತ್ರೆ ಸಿಬ್ಬಂದಿಯ ತಿಳಿವಳಿಕೆ, ಮನೋಭಾವ, ಆಚರಣೆ ಈ ಮೂರನ್ನೂ ಅಳೆದು ನೋಡಿವೆ. ಅಲಹಾಬಾದ್ ನಗರದ ಆಸ್ಪತ್ರೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಹೆಸರಾದದ್ದು. ವೈದ್ಯರು, ದಾದಿಯರು, ಲ್ಯಾಬ್ ತಂತ್ರಜ್ಞರಿಗೆ ವಿಷಯದ ಅರಿವು ಉತ್ತಮವಾಗಿತ್ತು. ಸ್ವಚ್ಛತಾ ಸಿಬ್ಬಂದಿ ಬಹಳ ಹಿಂದಿದ್ದರು. ಸೂಜಿ ಚುಚ್ಚಿದ ಗಾಯವನ್ನು ವರದಿ ಮಾಡುವ ರೂಢಿ ಎಲ್ಲ ವರ್ಗದವರಲ್ಲೂ ಕಡಿಮೆಯಿತ್ತು. ಕಸವನ್ನು ಅತಿ ಹೆಚ್ಚು ಹೊತ್ತು ಮುಟ್ಟುವವನಿಗೇ ಅದರ ಬಗ್ಗೆ ಅತಿ ಕಡಿಮೆ ಹೇಳಲಾಗಿತ್ತೆಂಬುದು ಇದರ ತಾತ್ಪರ್ಯ.

ಇದಕ್ಕೆ ಅವರ ದಡ್ಡತನ ಕಾರಣವಲ್ಲ. ಅನೇಕ ಕಡೆ ಸ್ವಚ್ಛತಾ ಕೆಲಸ ಗುತ್ತಿಗೆಯದು. ಇಂದು ಇದ್ದವನು ಆರು ತಿಂಗಳಲ್ಲಿ ಇರುವುದಿಲ್ಲ. ತರಬೇತಿ ಪಡೆದವನು ಹೋಗಿ, ಪಡೆಯದವನು ಬರುತ್ತಾನೆ. ಗೋಡೆಯ ಮೇಲಿನ ಫಲಕ ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ; ಓದಬೇಕಾದವನ ಮನೆಮಾತು ಮೈಥಿಲಿಯೋ ಭೋಜಪುರಿಯೋ ಬಂಗಾಳಿಯೋ ಆಗಿರುತ್ತದೆ. ಮಾತೃಭಾಷೆಯ ಬೆಲೆಯನ್ನು ಪರವೂರಿನಲ್ಲಿ ಕುಳಿತು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಓದುಬಾರದವನಿಗೂ ಬಣ್ಣ ತಿಳಿಯುತ್ತದೆಂಬ ಕಾರಣಕ್ಕೇ ಬಣ್ಣಗಳನ್ನು ಆರಿಸಲಾಯಿತು. ಆದರೆ ಕೆಂಪು ಚೀಲದ ದಾಸ್ತಾನು ಮುಗಿದ ದಿನ ಎಲ್ಲವೂ ಹಳದಿಗೆ ಹೋಗುವುದಾದರೆ, ಬಣ್ಣ ಕಲಿತೂ ಫಲವಿಲ್ಲ.

ಬಲ್ಲವರಲ್ಲೂ ಗೊಂದಲಕ್ಕೆ ಕಾರಣವಿದೆ. 1998ರ ನಿಯಮಗಳಲ್ಲಿ ರಕ್ತ ಮೆತ್ತಿದ ಹತ್ತಿಯನ್ನು ಹಳದಿ ಅಥವಾ ಕೆಂಪು ಚೀಲಕ್ಕೆ ಹಾಕಬಹುದಿತ್ತು. ಕಪ್ಪು ಚೀಲವೂ ಇತ್ತು. ಹಾಗೆ ಕಲಿತು ಹದಿನೈದು ವರ್ಷ ಕೆಲಸ ಮಾಡಿದ ದಾದಿಯ ಕೈ ಇಂದಿಗೂ ಅಭ್ಯಾಸಬಲದಿಂದ ಕೆಂಪಿನತ್ತ ಚಾಚಿದರೆ ಆಶ್ಚರ್ಯವಿಲ್ಲ. ಇನ್ನು "ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ" ಎಂಬ ಗಾದೆಗೆ ಉದಾಹರಣೆಯಾಗುವವರೂ ಇದ್ದಾರೆ. ಸೂಜಿಗೆ ಮತ್ತೆ ಮುಚ್ಚಳ ಹಾಕಕೂಡದೆಂದು ಪಾಠ ಹೇಳುವ ವೈದ್ಯರೇ ಅವಸರದಲ್ಲಿ ಮುಚ್ಚಳ ಹಾಕುತ್ತಾರೆ. ಚುಚ್ಚುಗಾಯಗಳಲ್ಲಿ ಗಣನೀಯ ಪಾಲು ಆಗುವುದು ಆ ಕ್ಷಣದಲ್ಲೇ.

ಒಂದು ಚುಚ್ಚಿನ ಬೆಲೆ

ರೋಗಾಣುಯುಕ್ತ ರಕ್ತವಿರುವ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಂಭವ ಎಚ್‌ಐವಿಗೆ ಸುಮಾರು ಶೇಕಡಾ 0.3, ಹೆಪಟೈಟಿಸ್ ಸಿ ವೈರಸ್ಸಿಗೆ ಶೇಕಡಾ 2ರ ಆಸುಪಾಸು, ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿಗೆ ಶೇಕಡಾ 30ರವರೆಗೂ ಏರಬಹುದು. ಜನರು ಅಂಜುವುದು ಎಚ್‌ಐವಿಗೆ; ಅಂಜಬೇಕಾದದ್ದು ಹೆಪಟೈಟಿಸ್ ಬಿಗೆ. ಆ ವೈರಸ್ ದೇಹದ ಹೊರಗೆ ಏಳು ದಿನಗಳಾದರೂ ಬದುಕಿರಬಲ್ಲುದು. ಸಮಾಧಾನದ ಸಂಗತಿಯೆಂದರೆ, ಅದೊಂದಕ್ಕೆ ಮಾತ್ರ ಒಳ್ಳೆಯ ಲಸಿಕೆಯಿದೆ: ಮೊದಲ ಚುಚ್ಚು, ಒಂದು ತಿಂಗಳ ನಂತರ ಎರಡನೆಯದು, ಆರನೆಯ ತಿಂಗಳಲ್ಲಿ ಮೂರನೆಯದು.

ಸೂಜಿ ಚುಚ್ಚಿದಾಗ ಗಾಯವನ್ನು ಹಿಂಡಬಾರದು, ಬೆರಳನ್ನು ಬಾಯಿಗೆ ಇಡಬಾರದು. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಅದನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಗಳೊಳಗೆ ಆರಂಭಿಸಬೇಕು. 72 ಗಂಟೆಗಳು ಕಳೆದ ಮೇಲೆ ಪ್ರಯೋಜನವಿಲ್ಲ. ಬೈಗುಳಕ್ಕೆ ಅಂಜಿ ಗಾಯವನ್ನು ಮುಚ್ಚಿಡುವ ಕೆಲಸಗಾರನು ಕಳೆದುಕೊಳ್ಳುವುದು ಈ ಗಂಟೆಗಳನ್ನೇ. ವರದಿ ಮಾಡಿದವನನ್ನು ಗದರಿಸದಿರುವುದು ಆಸ್ಪತ್ರೆಯ ಆಡಳಿತ ಕೊಡಬಹುದಾದ ಅತ್ಯಂತ ಅಗ್ಗದ ಔಷಧ.

ಹಿಂಬಾಗಿಲಿನಿಂದ ಹೊರಟ ಕಸ

ಆಸ್ಪತ್ರೆಯ ಹಿಂಬಾಗಿಲು ಸಡಿಲವಾದರೆ ಕಸ ಗುಜರಿ ಅಂಗಡಿಗೆ ಹೋಗುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಮಂದಿ ಸತ್ತರು. ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದೇ ಕಾರಣವೆಂಬ ಶಂಕೆಯ ಮೇಲೆ ವೈದ್ಯರ ಬಂಧನವಾಯಿತು. ಹಳೆಯ ಸಿರಿಂಜುಗಳ ಕಳ್ಳ ವ್ಯಾಪಾರವೂ ಬಯಲಿಗೆ ಬಂದಿತು. ಮರುವರ್ಷ, 2010ರ ಏಪ್ರಿಲಿನಲ್ಲಿ, ನಮ್ಮ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಎಂಬ ವಿಕಿರಣ ಪದಾರ್ಥವಿದ್ದ ಯಂತ್ರವೊಂದನ್ನು ಒಡೆದು, ಕೆಲಸಗಾರರು ಅಸ್ವಸ್ಥರಾಗಿ ಒಬ್ಬರು ಮೃತಪಟ್ಟರು. ಅದು ಆಸ್ಪತ್ರೆಯದಲ್ಲ, ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹರಾಜಾದ ಯಂತ್ರ. ಆದರೂ ಪಾಠ ಒಂದೇ. ಬಲ್ಲವರು ಕೈತೊಳೆದುಕೊಂಡದ್ದನ್ನು ಅರಿಯದವರು ಬರಿಗೈಯಲ್ಲಿ ಎತ್ತಿಕೊಳ್ಳುತ್ತಾರೆ.

2020ರಲ್ಲಿ ಕೋವಿಡ್ ಬಂದಾಗ ಈ ಸಮಸ್ಯೆ ಪ್ರತಿ ಮನೆಯ ಬಾಗಿಲಿಗೂ ಬಂದಿತು. ಕೋವಿಡ್ ತ್ಯಾಜ್ಯವನ್ನು ಎರಡು ಪದರದ ಚೀಲದಲ್ಲಿ ಕಟ್ಟಿಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸೂಚಿಸಿತು. ಆ ವರ್ಷ ದೇಶದಲ್ಲಿ ದಿನಕ್ಕೆ ಸುಮಾರು 650 ಟನ್ ಜೈವಿಕ ವೈದ್ಯಕೀಯ ತ್ಯಾಜ್ಯ ಉತ್ಪತ್ತಿಯಾಯಿತೆಂದು ಮಂಡಳಿಯ ಲೆಕ್ಕ ಹೇಳುತ್ತದೆ. ಮನೆಮನೆಯ ಸೂಜಿ, ಔಷಧಗಳು ಈ ಲೆಕ್ಕಕ್ಕೆ ಸರಿಯಾಗಿ ಸಿಕ್ಕುವುದೇ ಇಲ್ಲ.

ಕಲಿಸುವ ಮನೆ ನಮ್ಮ ನೆರೆಯಲ್ಲೇ

ಮುನಿರ್ಕಾದ ಬಾಬಾ ಗಂಗನಾಥ ಮಾರ್ಗದಲ್ಲಿ ನಿತ್ಯ ಓಡಾಡುವ ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿರುವ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯ ಫಲಕವನ್ನು ನೋಡಿಯೂ ನೋಡದಂತೆ ಸಾಗುತ್ತೇವೆ. ಎರಡು ಹಳೆಯ ಸಂಸ್ಥೆಗಳನ್ನು ಒಂದುಗೂಡಿಸಿ 1977ರ ಮಾರ್ಚ್ 9ರಂದು ಸ್ಥಾಪಿಸಿದ ಈ ಸ್ವಾಯತ್ತ ಸಂಸ್ಥೆಯ ಮುಖ್ಯ ಕೆಲಸಗಳಲ್ಲೊಂದು ದೇಶದ ಆರೋಗ್ಯ ಅಧಿಕಾರಿಗಳಿಗೆ ತರಬೇತಿ ನೀಡುವುದು. ಇಲ್ಲಿಂದ ಅಷ್ಟೇನೂ ದೂರವಲ್ಲದ ಮೈದಾನ್‌ಗಢಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿಯ ಸಹಯೋಗದಲ್ಲಿ ಆರೋಗ್ಯ ತ್ಯಾಜ್ಯ ನಿರ್ವಹಣೆಯ ಪ್ರಮಾಣಪತ್ರ ಶಿಕ್ಷಣವನ್ನು ರೂಪಿಸಿತು. ಬೆಂಗಳೂರಿನ ಎಂ. ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯ ವಿಭಾಗವೂ ಈ ಕ್ಷೇತ್ರದಲ್ಲಿ ಹೆಸರು ಮಾಡಿದೆ ಎಂಬುದು ಕನ್ನಡಿಗರಿಗೆ ಸಂತೋಷದ ವಿಷಯ.

ಆದರೆ ತರಬೇತಿಯ ಗಂಗೆ ಅಧಿಕಾರಿಯಿಂದ ವೈದ್ಯರಿಗೆ, ವೈದ್ಯರಿಂದ ದಾದಿಯರಿಗೆ ಹರಿದು, ಕಸದ ಗಾಡಿ ತಳ್ಳುವವನನ್ನು ತಲಪುವ ಹೊತ್ತಿಗೆ ಬತ್ತಿರುತ್ತದೆ. ಅದನ್ನು ತಿರುಗಿಸಬೇಕು. ಅವನ ಭಾಷೆಯಲ್ಲಿ, ಅವನ ಕೈಗೆ ದಪ್ಪ ಕೈಗವಸು ಕೊಟ್ಟು, ನಿಜವಾದ ಚೀಲ ಡಬ್ಬಿಗಳನ್ನು ಮುಂದಿಟ್ಟು ಅರ್ಧ ಗಂಟೆ ತೋರಿಸಿದರೆ ನೂರು ಫಲಕಗಳಿಗಿಂತ ಮೇಲು.

ನಮ್ಮ ಮನೆಯಲ್ಲಿ ಮಾಡಬೇಕಾದದ್ದು

ಮನೆ ಗೆದ್ದು ಮಾರು ಗೆಲ್ಲಬೇಕಷ್ಟೆ. ಮಧುಮೇಹದ ಹಿರಿಯರಿಲ್ಲದ ಕನ್ನಡ ಕುಟುಂಬಗಳು ದೆಹಲಿಯಲ್ಲಿ ವಿರಳ. ಬಳಸಿದ ಸಿರಿಂಜಿನ ಸೂಜಿಗೆ ಮುಚ್ಚಳ ಹಾಕಲು ಹೋಗದೆ ಅದನ್ನು ನೇರವಾಗಿ ಗಟ್ಟಿ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಡಬ್ಬಿಗೆ ಹಾಕಬೇಕು. ಬಟ್ಟೆ ತೊಳೆಯುವ ದ್ರವದ ಖಾಲಿ ಬಾಟಲಿ ಸಾಕು. ಗಾಜಿನ ಸೀಸೆ, ತೆಳುವಾದ ನೀರಿನ ಬಾಟಲಿ ಬೇಡ. ಪೆನ್ನಿನ ಸೂಜಿಯಾದರೆ ಅದರ ದೊಡ್ಡ ಹೊರಮುಚ್ಚಳವನ್ನು ಬಳಸಿಯೇ ತಿರುಗಿಸಿ ತೆಗೆಯಬೇಕು. ಸಕ್ಕರೆ ನೋಡಲು ಬೆರಳಿಗೆ ಚುಚ್ಚುವ ಮೊನೆಯೂ ಅದೇ ಡಬ್ಬಿಗೆ. ಮಕ್ಕಳ ಕೈಗೆಟುಕದಂತಿಟ್ಟು, ಮುಕ್ಕಾಲು ತುಂಬಿದಾಗ ಮುಚ್ಚಳದ ಸುತ್ತ ಟೇಪು ಸುತ್ತಿ, ಮೇಲೆ 'ಸೂಜಿಗಳು' ಎಂದು ಹಿಂದಿಯಲ್ಲೂ ಬರೆದು, ತೆಗೆದುಕೊಳ್ಳಲು ಒಪ್ಪುವ ಕ್ಲಿನಿಕ್ಕು ಅಥವಾ ಲ್ಯಾಬಿಗೆ ಕೊಡಬೇಕು. ಮನೆಯ ಅಪಾಯಕಾರಿ ಕಸವನ್ನು ಬೇರೆಯಾಗಿಯೇ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದ್ದವು.

ಅವಧಿ ಮೀರಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯಬಾರದು. ಮಲಗಿದ್ದಲ್ಲೇ ಇರುವ ಹಿರಿಯರ ಡ್ರೆಸ್ಸಿಂಗ್, ಮೂತ್ರದ ಚೀಲಗಳನ್ನು ಮನೆಗೆ ಬರುವ ಅಟೆಂಡರ್ ಎಲ್ಲಿ ಹಾಕುತ್ತಾರೆಂದು ಒಮ್ಮೆ ಕೇಳಬೇಕು. ಮನೆಗೆಲಸದವರಿಗೂ ಕಸ ಒಯ್ಯುವವರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ಖರ್ಚು ನಮ್ಮ ಒಂದು ಭಾನುವಾರದ ಹೋಟೆಲ್ ಊಟಕ್ಕಿಂತ ಹೆಚ್ಚಾಗಲಾರದು.

ನಮ್ಮ ಹುಡುಗನ ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೆ ಅಷ್ಟರಿಂದಲೇ ನಿಶ್ಚಿಂತರಾಗುವಂತಿಲ್ಲವೆಂದೂ, ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕೆಂದೂ ವೈದ್ಯರು ಹೇಳಿದರು. ಆ ತಿಂಗಳುಗಳನ್ನು ಅವನು ಹೇಗೆ ಕಳೆದನೋ, ನಾವು ಮಾತ್ರ ಅವನ ಗಂಟೆಯ ಸದ್ದು ಕೇಳಿದಾಗಲೆಲ್ಲ ಎಣಿಸಿಕೊಂಡೇ ಕಳೆದೆವು. ಮರುಪರೀಕ್ಷೆಯೂ ಸರಿಯಾಗಿ ಬಂದಿತು. ಲಸಿಕೆಯ ಮೂರು ಚುಚ್ಚುಗಳೂ ಮುಗಿದವು. ಅದೇ ಕ್ಲಿನಿಕ್ಕಿನವರು ನಮ್ಮ ಬ್ಲಾಕಿನ ಸೂಜಿಯ ಡಬ್ಬಿಗಳನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಮಾವನವರು ಈಗ ಪ್ರತಿ ಸಲವೂ ಸೂಜಿಯನ್ನು ತಾವೇ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ, ಆಮೇಲೆ ಊಟಕ್ಕೆ ಕೂರುತ್ತಾರೆ.